ಚಿಂಚಿಲ್ಲಾ ಇಲಿನಾ, ಮೊಲಾನಾ, ಅಳಿಲಾ? ಅತ್ತೆಗೆ ಏನಂತ ಹೇಳಲಿ?

ಹಾಸನದ_ಸೊಸೆ
ಎಲ್ಲರಿಗೂ ನಮಸ್ಕಾರ. ನಾವಿರೋದು ಅಮೆರಿಕದ ಡೆನ್ವರ್‌ನಲ್ಲಿ. ಪಕ್ಕದ ಮನೆಯವರು ಹೋದ ತಿಂಗಳು ಟೆಕ್ಸಾಸ್‌ಗೆ ಹೊರಟರು. ಹೋಗುವಾಗ ಅವರ ಚಿಂಚಿಲ್ಲಾನ ನನ್ನ ಮಗಳ ಕೈಗೆ ಕೊಟ್ಟುಬಿಟ್ಟರು. ಪಂಜರ, ಒಂದು ಮೂಟೆ ಹುಲ್ಲು, ಒಂದು ಡಬ್ಬ ಬೂದಿ ಎಲ್ಲಾ ಸೇರಿಸಿ. "ಅಲ್ಲಿ ಸೆಖೆ ಜಾಸ್ತಿ, ಇದು ತಡೆಯಲ್ಲ" ಅಂದರು. ಅಷ್ಟೇ ಹೇಳಿದ್ದು.

ಈಗ ಪೇಚಾಟ ಪ್ರಾಣಿಯಿಂದ ಅಲ್ಲ, ಅತ್ತೆಯಿಂದ. ಹಾಸನದಿಂದ ಆರು ತಿಂಗಳಿಗೆ ಅಂತ ಬಂದಿದ್ದಾರೆ. ಪಂಜರ ನೋಡಿದ ಕೂಡಲೇ "ಇದೇನೇ ಇದು, ಹೆಗ್ಗಣಾನ ಮನೆಯೊಳಗೆ ಸಾಕಿದ್ದೀಯಾ?" ಅಂದರು. ಮಗಳು "ಅಲ್ಲಜ್ಜಿ, ಮೊಲದ ಜಾತಿ" ಅಂದಳು. ನಮ್ಮೆಜಮಾನರು "ದೊಡ್ಡ ಅಳಿಲಮ್ಮ ಅದು" ಅಂದರು. ಆಮೇಲೆ ಮೂರೂ ಜನ ನನ್ನ ಮುಖ ನೋಡಿದರು.

ನನಗೇನು ಗೊತ್ತು? ಕಿವಿ ನೋಡಿದರೆ ಇಲಿ, ಬಾಲ ನೋಡಿದರೆ ಅಳಿಲು, ಮುದುರಿ ಕೂತರೆ ಮೊಲ, ಮೀಸೆ ಬೆಕ್ಕಿಗಿಂತ ಉದ್ದ. ಹಲ್ಲಂತೂ ಕಿತ್ತಳೆ ಬಣ್ಣ. ಎಲೆ ಅಡಿಕೆ ಹಾಕ್ಕೊಂಡಿದೆ ಅಂತಾರೆ ಅತ್ತೆ. ಬೂದಿ ಬಣ್ಣ ಇರೋದಕ್ಕೆ ಮಗಳು ಬೂದಪ್ಪ ಅಂತ ಹೆಸರಿಟ್ಟಿದ್ದಾಳೆ.

ಇಲಿ, ಮೊಲ, ಅಳಿಲು, ಗಿನಿಪಿಗ್ ಇವಕ್ಕೂ ಇದಕ್ಕೂ ಏನು ವ್ಯತ್ಯಾಸ? ಸಾಕಿದವರು ಯಾರಾದರೂ ಇದ್ದೀರಾ?

ಬಿಸಿಬೇಳೆ_ಬಾಸ್
ಗಣಪತಿ ವಾಹನ ಅನ್ನಿ ಸಾಕು. ನಾಳೆಯಿಂದ ಅತ್ತೆ ಗರಿಕೆ ಹಾಕ್ತಾರೆ.

ತೋಟದಮನೆ
ಮೊಲ ಅಲ್ಲವೇ ಅಲ್ಲ. ಮಗಳಿಗೆ ಮೊದಲು ಇದನ್ನ ಹೇಳಿ. ಮೊಲಕ್ಕೆ ಮೇಲಿನ ಎರಡು ಮುಂಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲು ಇರುತ್ತೆ. ಅದಕ್ಕೇ ಮೊಲದ ಗುಂಪೇ ಬೇರೆ. ಚಿಂಚಿಲ್ಲಾ ದಂಶಕ, ಅಂದರೆ ಇಲಿ, ಅಳಿಲುಗಳ ದೊಡ್ಡ ಬಳಗದ್ದು. ಆದರೆ ಆ ಬಳಗದಲ್ಲೂ ಅದರ ಕವಲು ಬೇರೆ. ಗಿನಿಪಿಗ್, ಕ್ಯಾಪಿಬರಾ, ಡೆಗು ಅನ್ನೋ ದಕ್ಷಿಣ ಅಮೆರಿಕದ ಪ್ರಾಣಿಗಳೆಲ್ಲ ಅದರ ದಾಯಾದಿಗಳು. ಸ್ವಲ್ಪ ದೂರದಿಂದ ನಮ್ಮ ಕಾಡಿನ ಮುಳ್ಳುಹಂದಿಯೂ ಆ ಕಡೆಯ ನೆಂಟ. ಇಲಿ, ಹೆಗ್ಗಣಗಳಿಗಿಂತ ಮುಳ್ಳುಹಂದಿಗೇ ಹತ್ತಿರ.

ಹಂಗಾಗಿ ಅತ್ತೆಗೆ "ಮುಳ್ಳುಹಂದಿಯ ನೆಂಟ, ಮುಳ್ಳಿಲ್ಲ" ಅನ್ನಿ.

ಬಿಸಿಬೇಳೆ_ಬಾಸ್
@ತೋಟದಮನೆ ಗುರುವೇ, ಹೆಗ್ಗಣ ಬೇಡ ಅಂದವರಿಗೆ ಹಂದಿ ಅಂತ ಹೇಳೋದಾ? ಆ ಮನೆ ಉಳಿಯುತ್ತಾ?

ತೋಟದಮನೆ
ಮುಳ್ಳುಹಂದಿ ಹಂದಿಯಲ್ಲ, ಗಿನಿಪಿಗ್ಗೂ ಹಂದಿಯಲ್ಲ. ಹೆಸರಿಟ್ಟವರ ತಪ್ಪಿಗೆ ಪ್ರಾಣಿ ಏನು ಮಾಡುತ್ತೆ? ನಮ್ಮ ತೋಟದಲ್ಲಿ ಎಳೇ ತೆಂಗಿನ ಸಸಿ ಬುಡ ಕತ್ತರಿಸಿ ಹೋಗಿರುತ್ತೆ, ಉಳಿ ಇಟ್ಟು ಕಡಿದ ಹಾಗೆ. ಅದನ್ನ ನೋಡಿದರೆ ಅದು ದಂಶಕ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ದನದ_ಡಾಕ್ಟ್ರು
ಊರಲ್ಲಿದ್ದಾಗ ದನ ಎಮ್ಮೆ ನೋಡ್ತಿದ್ದೆ. ಈಗ ಟೊರಾಂಟೊ ಹತ್ತಿರ ಸಣ್ಣ ಪ್ರಾಣಿಗಳ ಕ್ಲಿನಿಕ್‌ನಲ್ಲಿದ್ದೀನಿ. ವಾರಕ್ಕೆ ಒಂದೋ ಎರಡೋ ಚಿಂಚಿಲ್ಲಾ ಬರುತ್ತೆ. ಬರೋ ಕಾರಣ ಹೆಚ್ಚೂಕಮ್ಮಿ ಒಂದೇ. ಸಾಕಿದವರು ಅದನ್ನ ಇಲಿ ಅಂತಲೋ ಮೊಲ ಅಂತಲೋ ಅಂದುಕೊಂಡು ಸಾಕಿರುತ್ತಾರೆ.

ಹಲ್ಲಿಂದ ಶುರು ಮಾಡ್ತೀನಿ. ಕಿತ್ತಳೆ ಬಣ್ಣ ಇರಲೇಬೇಕು, ಅದು ಆರೋಗ್ಯದ ಲಕ್ಷಣ. ಬಿಳಿಚಿಕೊಂಡರೆ ಚಿಂತೆ ಮಾಡಿ. ಇಲಿಗೆ ಮುಂಹಲ್ಲು ಮಾತ್ರ ಬೆಳೀತಾ ಇರುತ್ತೆ, ದವಡೆ ಹಲ್ಲು ಬೆಳೆಯಲ್ಲ. ಚಿಂಚಿಲ್ಲಾಗೆ ಬಾಯಲ್ಲಿರೋ 20 ಹಲ್ಲೂ ಸಾಯೋ ತನಕ ಬೆಳೀತಾನೇ ಇರುತ್ತೆ. ಒರಟು ಹುಲ್ಲನ್ನ ದಿನವಿಡೀ ಅರೆದು ಅರೆದು ಸವೆಸಿಕೊಳ್ಳಬೇಕು. ಕಾಳು, ಬಿಸ್ಕತ್ತು ಹಾಕಿದರೆ ಹಲ್ಲು ಸವೆಯಲ್ಲ. ದವಡೆ ಹಲ್ಲಿನ ಬುಡ ಕೆಳಗೂ ಇಳಿಯುತ್ತೆ, ಕಣ್ಣಿನ ಕಡೆಗೂ ಏರುತ್ತೆ. ಗಲ್ಲ ಒದ್ದೆಯಾಗಿ ಜೊಲ್ಲು ಸುರೀತಿದ್ದರೆ, ಕಣ್ಣಲ್ಲಿ ನೀರು ಬರ್ತಿದ್ದರೆ ಕಾಯಬೇಡಿ, ಕರ್ಕೊಂಡು ಹೋಗಿ.

ಎರಡನೇದು ಹುಟ್ಟು. ಇಲಿ ಮೂರು ವಾರಕ್ಕೆ ಮರಿ ಹಾಕುತ್ತೆ. ಕೂದಲಿಲ್ಲ, ಕಣ್ಣು ಬಿಟ್ಟಿರಲ್ಲ, ಕೆಂಪಗೆ ಹುಳದ ಥರ ಇರ್ತಾವೆ. ಚಿಂಚಿಲ್ಲಾ ಹೊರೋದು ಸುಮಾರು 111 ದಿನ. ಅಷ್ಟು ಸಣ್ಣ ಪ್ರಾಣಿಗೆ ಅದು ಭಾರಿ ಲೆಕ್ಕ. ಒಂದೋ ಎರಡೋ ಮರಿ. ಆದರೆ ಮೈತುಂಬ ಕೂದಲು, ಕಣ್ಣು ತೆರೆದಿರುತ್ತೆ, ಸ್ವಲ್ಪ ಹೊತ್ತಲ್ಲೇ ಓಡಾಡುತ್ತೆ. ಕರು ಹುಟ್ಟಿದ ಹಾಗೆ ಅಂದುಕೊಳ್ಳಿ. ಇಲಿ ಬಿಲದಲ್ಲಿ ಮರಿ ಬಚ್ಚಿಟ್ಟು ಬೆಳೆಸುತ್ತೆ. ಇದು ಕಲ್ಲಿನ ಸಂದಿಯಲ್ಲಿ, ಚಳಿಯಲ್ಲಿ ಹುಟ್ಟೋದು. ಬೆತ್ತಲೆ ಹುಟ್ಟಿದರೆ ಮುಗೀತು ಕಥೆ.

ಮೂರನೇದು ಆಯಸ್ಸು. ಹೆಗ್ಗಣ ಅಂದ ಅತ್ತೆಗೆ ಇದನ್ನ ಹೇಳಿ. ಸಾಕಿದ ಇಲಿ ಎರಡು ಮೂರು ವರ್ಷ. ಚಿಂಚಿಲ್ಲಾ ಸಲೀಸಾಗಿ 10–15 ವರ್ಷ, ಚೆನ್ನಾಗಿ ನೋಡಿಕೊಂಡರೆ 20. 29 ದಾಟಿ ಬದುಕಿದ ದಾಖಲೆಯೂ ಇದೆ.

ಹಾಸನದ_ಸೊಸೆ
20 ವರ್ಷ!! ಮಗಳಿಗೆ ಈಗ 11. ಅವಳ ಮದುವೆಗೆ ಇದೂ ಬರುತ್ತೆ ಅನ್ನಿ. ಇದನ್ನ ಪಕ್ಕದ ಮನೆಯವರು ಹೇಳಲೇ ಇಲ್ಲ ನೋಡಿ.

ಗದಗಿನ_ಗಾಳಿ
ಡಾಕ್ಟ್ರೇ, ಇದು ವಾಂತಿ ಮಾಡಂಗಿಲ್ಲಂತ ಕೇಳೀನಿ, ಖರೇನ್ರೀ? ಅದೇ ದೊಡ್ಡ ವಿಶೇಷ ಅಂತ ಒಂದು ವಿಡಿಯೋದಾಗ ಹೇಳಿದ್ರು.

ದನದ_ಡಾಕ್ಟ್ರು
ಮಾಡಲ್ಲ, ನಿಜ. ಆದರೆ ವಿಶೇಷ ಏನಲ್ಲ. ಇಲಿಯೂ ವಾಂತಿ ಮಾಡಲ್ಲ. ಇಲಿ ಪಾಷಾಣ ಅಷ್ಟು ಚೆನ್ನಾಗಿ ಕೆಲಸ ಮಾಡೋದಕ್ಕೆ ಅದೂ ಒಂದು ಕಾರಣ. ಒಳಗೆ ಹೋದದ್ದು ವಾಪಸ್ ಬರಲ್ಲ. ಚಿಂಚಿಲ್ಲಾದ ಹೊಟ್ಟೆ ಇನ್ನೂ ಸೂಕ್ಷ್ಮ. ಹುಲ್ಲು ಹುದುಗೋ ಕೊಪ್ಪರಿಗೆ ಅದು. ಸಿಹಿ ಬಿದ್ದರೆ ಗ್ಯಾಸ್ ತುಂಬಿಕೊಂಡು ಉಬ್ಬುತ್ತೆ, ಹಸುವಿಗೆ ಹೊಟ್ಟೆಯುಬ್ಬರ ಬಂದ ಹಾಗೆ.

ಪ್ರೆಷರ್_ಕುಕ್ಕರ್
ಈ ವಿಷಯದಲ್ಲಿ ನನ್ನ ಪಾಪ ಒಪ್ಪಿಕೊಂಡುಬಿಡ್ತೀನಿ. ಸಿಯಾಟಲ್‌ನಲ್ಲಿ ರೂಮ್‌ಮೇಟ್‌ದು ಒಂದು ಚಿಂಚಿಲ್ಲಾ ಇತ್ತು. ಅವನಿಲ್ಲದಾಗ ಪ್ರೀತಿಗೆ ಅಂತ ಒಣದ್ರಾಕ್ಷಿ ಕೊಡ್ತಿದ್ದೆ. ಮುಂಗಾಲೆರಡರಲ್ಲೂ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ತಿನ್ನುತ್ತೆ, ನೋಡೋಕೆ ಅಷ್ಟು ಚೆಂದ. ದಿನಕ್ಕೆ ಒಂದಿದ್ದದ್ದು ನಾಲ್ಕಾಯಿತು. ಒಂದು ರಾತ್ರಿ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತುಬಿಟ್ಟಿತು. ಹುಲ್ಲೂ ಬೇಡ ನೀರೂ ಬೇಡ. ಹಿಕ್ಕೆ ನಿಂತೇಹೋಯಿತು. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಓಡಿದ್ವಿ. ಬದುಕಿತು. ಬಿಲ್ ಎಷ್ಟಂತ ಇಲ್ಲಿ ಬರೆಯಲ್ಲ, ಹೆಂಡತಿ ಈ ಗುಂಪಲ್ಲಿದ್ದಾಳೆ.

ಹಾಸನದ_ಸೊಸೆ
ಅಯ್ಯೋ. ನಿನ್ನೆಯೇ ನಮ್ಮೆಜಮಾನರು ಎರಡು ಶೇಂಗಾ ಹಾಕಿದ್ರು. "ಅಳಿಲು ತಿನ್ನಲ್ವಾ" ಅಂತ.

ದನದ_ಡಾಕ್ಟ್ರು
ಇದೇ ನಾನು ಹೇಳಿದ್ದು. ಅಳಿಲು ತಿನ್ನುತ್ತೆ, ಇದು ತಿನ್ನಬಾರದು. ಎಣ್ಣೆಕಾಳು ಬೇಡವೇ ಬೇಡ. ತಿಮೋತಿ ಅನ್ನೋ ಒಣಹುಲ್ಲು ಹೊತ್ತುಹೊತ್ತಿಗೂ ಇರಬೇಕು, ಚಿಂಚಿಲ್ಲಾಗೆ ಅಂತಲೇ ಮಾಡಿದ ಪೆಲೆಟ್ (ಆಹಾರದ ಗುಳಿಗೆ) ಒಂದು ಚಮಚ, ಶುದ್ಧ ನೀರು. ಗಿನಿಪಿಗ್ ಪೆಲೆಟ್ ಮಿಕ್ಕಿದೆ ಅಂತ ಹಾಕಬೇಡಿ. ಗಿನಿಪಿಗ್‌ಗೆ ನಮ್ಮ ಹಾಗೆ ಸಿ ವಿಟಮಿನ್ ತಿಂದೇ ಸಿಗಬೇಕು, ಅದಕ್ಕೇ ಅದರ ಆಹಾರ ಬೇರೆ. ಚಿಂಚಿಲ್ಲಾ ಅದನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತೆ. ದಾಯಾದಿಗಳಾದರೂ ಅಡುಗೆಮನೆ ಬೇರೆ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಮಾಡಿ ಬರೆದಿಡಿ. ಇಂಥ ಪ್ರಾಣಿಗಳು ಕಾಯಿಲೆಯನ್ನ ಮುಚ್ಚಿಡುತ್ತವೆ. ಮೈ ಕೂದಲಲ್ಲಿ ಸೊರಗಿದ್ದು ಕಾಣಲ್ಲ, ತಕ್ಕಡಿಗೆ ಮಾತ್ರ ಗೊತ್ತಾಗುತ್ತೆ.

ಹಾಸನದ_ಸೊಸೆ
ಅಡುಗೆಮನೆಯ ತಕ್ಕಡಿ ಈಗ ಅತ್ತೆ ವಶದಲ್ಲಿದೆ. ಹೆಗ್ಗಣಾನ ಅದರ ಮೇಲಿಟ್ಟರೆ ನನ್ನನ್ನೇ ಹಾಸನಕ್ಕೆ ಕಳಿಸ್ತಾರೆ.

ನೀಲಿ_ಕೊಡೆ
ಅದರ ಕೂದಲ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಮುಖ್ಯ ವ್ಯತ್ಯಾಸವೇ ಅದು. ಜಗತ್ತಿನಲ್ಲೇ ಅತಿ ದಟ್ಟ ಕೂದಲಿನ ಪ್ರಾಣಿ ಚಿಂಚಿಲ್ಲಾ.

ತೋಟದಮನೆ
ನೆಲದ ಮೇಲಿನ ಪ್ರಾಣಿಗಳಲ್ಲಿ ಅನ್ನಿ. ಸಮುದ್ರದ ನೀರುನಾಯಿಯದು ಇನ್ನೂ ದಟ್ಟ. ಅದಕ್ಕೆ ಒಂದು ಚದರ ಸೆಂಟಿಮೀಟರಿನಲ್ಲಿ ಲಕ್ಷ ದಾಟಿದ ಕೂದಲಿರುತ್ತೆ. ಚಿಂಚಿಲ್ಲಾದ್ದು ಸುಮಾರು 20,000.

ನೀಲಿ_ಕೊಡೆ
ಸರಿ ಸರಿ, ನೆಲದ ಮೇಲೆ. ಆದರೂ ಕೇಳಿ. ನಮಗೆ ಒಂದು ರಂಧ್ರದಲ್ಲಿ ಒಂದೋ ಎರಡೋ ಮೂರೋ ಕೂದಲು. ಅದಕ್ಕೆ ಒಂದೇ ರಂಧ್ರದಿಂದ 50ಕ್ಕೂ ಹೆಚ್ಚು ಎಳೆ ಬರ್ತಾವೆ. ನಾನು ಒಂದ್ಸಲ ಮುಟ್ಟಿದ್ದೀನಿ. ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಬೆರಳು ಒಳಗೆ ಹೋಗಿ ಮೈ ಬೆಚ್ಚಗೆ ತಗುಲಿದಾಗ ಓಹ್ ಮುಟ್ಟಿದೆ ಅಂತ ಗೊತ್ತಾಯಿತು. ಮೇಲೆ ಊದಿದರೆ ಸುಳಿ ಬಿಚ್ಚಿಕೊಂಡು ಬುಡದಲ್ಲಿ ಗಾಢ ಬೂದಿ, ನಡುವೆ ಬಿಳಿ, ತುದಿಯಲ್ಲಿ ಕಪ್ಪು ಕಾಣುತ್ತೆ.

ಪ್ರೆಷರ್_ಕುಕ್ಕರ್
ಊದಿದರೆ ಮುಖ ಸಿಂಡರಿಸಿಕೊಂಡು ನೋಡುತ್ತೆ ಕೂಡ. ಅದನ್ನ ಬಿಟ್ಟಿರಿ.

ಕಾಫಿ_ಪುಡಿ
ಅಷ್ಟು ಕೂದಲಿದ್ದರೆ ಚಿಗಟ, ಹೇನು ಕಾಟ ಇರುತ್ತಲ್ವಾ?

ದನದ_ಡಾಕ್ಟ್ರು
ಅಪರೂಪ. ಆ ದಟ್ಟಣೆಯಲ್ಲಿ ಚಿಗಟಕ್ಕೆ ನುಸುಳೋಕೆ ಜಾಗ ಸಿಗಲ್ಲ. ಆದರೆ ಇದೇ ಕೂದಲು ಒದ್ದೆಯಾದರೆ ಬೇಗ ಆರಲ್ಲ. ಬುಡದಲ್ಲಿ ತೇವ ನಿಂತು ಬೂಸಲು ಹಿಡಿಯುತ್ತೆ, ಶೀತ ಹತ್ತುತ್ತೆ. ಅದಕ್ಕೇ ನೀರಿನ ಸ್ನಾನ ಇಲ್ಲ, ಬೂದಿ ಸ್ನಾನ. ನಿಮಗೆ ಕೊಟ್ಟ ಡಬ್ಬ ಅದೇ.

ಹಾಸನದ_ಸೊಸೆ
ಓ ಅದಕ್ಕಾ! ನಾನು ಆ ಡಬ್ಬ ಪಂಜರದ ತಳಕ್ಕೆ ಹರಡೋದು ಅಂದುಕೊಂಡಿದ್ದೆ. ತಡೀರಿ, ಈಗಲೇ ಮಾಡಿ ನೋಡ್ತೀನಿ.

ಕಾಫಿ_ಪುಡಿ
ಬೂದಿ ಅಂದರೆ ಒಲೆ ಬೂದಿ ನಡೆಯುತ್ತಾ? ಊರಲ್ಲಿ ನಮ್ಮ ಮನೆಯಲ್ಲಿ ಈಗಲೂ ಬಚ್ಚಲೊಲೆ ಇದೆ. ರಾಶಿ ಬಿದ್ದಿರುತ್ತೆ.

ದನದ_ಡಾಕ್ಟ್ರು
ಬೇಡ ಬೇಡ. ಒಲೆ ಬೂದಿ ಕ್ಷಾರ. ನೀವು ಅದರಲ್ಲಿ ಪಾತ್ರೆ ಉಜ್ಜಿದವರಾದರೆ ಕೈ ಒಡೆಯೋದು ಗೊತ್ತಿರುತ್ತೆ. ಅದರ ಚರ್ಮ, ಕಣ್ಣು ಎರಡೂ ಉರಿಯುತ್ತೆ. ಇದು ಜ್ವಾಲಾಮುಖಿ ಕಲ್ಲಿನ ನುಣ್ಣನೆ ಪುಡಿ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು, ಅಲ್ಲಿ ಅದು ಅಂಥ ಧೂಳಲ್ಲೇ ಹೊರಳೋದು. ಪುಡಿ ಕೂದಲೊಳಗೆ ಇಳಿದು ಜಿಡ್ಡು, ತೇವ ಹೀರಿಕೊಳ್ಳುತ್ತೆ. ಮರಳೂ ಬೇಡ, ಕೂದಲು ತುಂಡಾಗುತ್ತೆ. ವಾರಕ್ಕೆ ಎರಡು ಮೂರು ಸಲ, ಹತ್ತು ನಿಮಿಷ. ಆಮೇಲೆ ಡಬ್ಬ ಆಚೆ ತೆಗೀರಿ, ಇಲ್ಲದಿದ್ದರೆ ಅದರಲ್ಲೇ ಉಚ್ಚೆ ಹೊಯ್ಯುತ್ತೆ.

ಗದಗಿನ_ಗಾಳಿ
ಇದರಾಗೇನು ವಿಶೇಷ ಐತ್ರೀ? ಗುಬ್ಬಿ ಮಣ್ಣಾಗ ಹೊರಳತಾವ, ಕೋಳಿ ಹೊರಳತಾವ, ಕತ್ತೀನೂ ಹೊರಳತೈತಿ.

ತೋಟದಮನೆ
ಗುಬ್ಬಿ ಮಳೆ ನೀರಲ್ಲೂ ಮೀಯುತ್ತೆ ಮಾರಾಯ್ರೆ. ಕತ್ತೆ ಮಳೆಯಲ್ಲಿ ನೆಂದು ಮೈ ಕೊಡವಿ ನಡೆಯುತ್ತೆ. ಇದಕ್ಕೆ ಬೇರೆ ದಾರಿನೇ ಇಲ್ಲ, ಅದೇ ವ್ಯತ್ಯಾಸ. ನಮ್ಮ ಆಗುಂಬೆ ಕಡೆ ತಂದು ಬಿಟ್ಟರೆ ಜೂನ್ ತಿಂಗಳು ದಾಟಲ್ಲ.

ಹಾಸನದ_ಸೊಸೆ
ಮಾಡಿದೆ!! ಬೇಸನ್ ಒಳಗೆ ಎರಡು ಇಂಚು ಪುಡಿ ಹಾಕಿ ಇಟ್ಟೆ. ಮೊದಲು ಮೀಸೆ ಚಾಚಿ ಮೂಸಿತು. ಒಂದು ಕಾಲಿಟ್ಟು ತೋಡಿತು. ಆಮೇಲೆ ಧಡ್ ಅಂತ ಪಕ್ಕಕ್ಕೆ ಬಿದ್ದು ಗಿರಗಿರಗಿರ ತಿರುಗಿತು ನೋಡಿ, ಪ್ರಾಣಿ ಕಾಣಲೇ ಇಲ್ಲ, ಬರೀ ಹೊಗೆ. ನಿಂತು ಮೈ ಕೊಡವಿದಾಗ ಎರಡರಷ್ಟು ದಪ್ಪಗಾಗಿತ್ತು. ಟಿವಿ, ಸೋಫಾ, ಗಂಡನ ಲ್ಯಾಪ್‌ಟಾಪ್ ಎಲ್ಲದರ ಮೇಲೂ ಒಂದು ಪದರ. ಅತ್ತೆ ಹಚ್ಚಿಟ್ಟ ದೀಪದ ಮೇಲೂ.

ಬಯ್ತಾರೆ ಅಂತ ಕಾದೆ. ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದ್ದರು. "ಬೂದಿ ಬಳ್ಕೊಳ್ಳುತ್ತಾ ಇದು?" ಅಂದರು. ಹೌದು ಅಂದೆ. "ಮಾಂಸ ತಿನ್ನುತ್ತಾ?" ಇಲ್ಲ ಅತ್ತೆ, ಬರೀ ಹುಲ್ಲು. "ಹ್ಞೂಂ" ಅಂದು ಒಳಗೆ ಹೋದರು. ಆ ಹ್ಞೂಂಗೆ ಏನರ್ಥ ಅಂತ ಇನ್ನೂ ಗೊತ್ತಾಗಿಲ್ಲ.

ಬಿಸಿಬೇಳೆ_ಬಾಸ್
ಬೂದಿ ಬಳ್ಕೊಳ್ಳುತ್ತೆ, ಬೆಟ್ಟದಲ್ಲಿರುತ್ತೆ, ಹುಲ್ಲು ತಿನ್ನುತ್ತೆ, ರಾತ್ರಿಯೆಲ್ಲ ಎಚ್ಚರ. ಶಿವರಾತ್ರಿಗೆ ಇದಕ್ಕಿಂತ ಭಕ್ತ ಬೇಕಾ? ನಾನು ವಾಹನ ಅಂದಿದ್ದು ವಾಪಸ್ ತಗೊಂಡೆ.

ವಿಮಾನದ_ಟಿಕೆಟ್
ನಾನು ಕಾಡಲ್ಲೇ ನೋಡಿದ್ದೀನಿ! ಪೆರು ದೇಶದ ಮಾಚು ಪಿಚುಗೆ ಹೋದಾಗ ಆ ಕಲ್ಲುಗೋಡೆ ಮೇಲೆ ಎರಡು ಚಿಂಚಿಲ್ಲಾ ಬಿಸಿಲು ಕಾಯಿಸ್ತಾ ಕೂತಿದ್ವು. ಮೊಲದಷ್ಟು ದೊಡ್ಡದು, ಉದ್ದ ಕಿವಿ, ಕಣ್ಣು ಅರ್ಧ ಮುಚ್ಚಿ ಅಜ್ಜನ ಥರ.

ತೋಟದಮನೆ
ಅದು ವಿಸ್ಕಾಚಾ. ಚಿಂಚಿಲ್ಲಾ ಕುಟುಂಬದ್ದೇ, ಆದರೆ ಚಿಂಚಿಲ್ಲಾ ಅಲ್ಲ. ಮಾಚು ಪಿಚುವಿನಲ್ಲಿ ಎಲ್ಲರೂ ಫೋಟೋ ತೆಗೆಯೋದು ಅದನ್ನೇ.

ವಿಮಾನದ_ಟಿಕೆಟ್
ಗೈಡ್ ಚಿಂಚಿಲ್ಲಾ ಅಂದಿದ್ದು.

ತೋಟದಮನೆ
ಗೈಡ್ ಹಂಪಿಯಲ್ಲೂ ಏನೇನೋ ಹೇಳ್ತಾರೆ. ಉದ್ದ ಕಿವಿ, ಹಗಲು ಬಿಸಿಲು ಕಾಯೋದು, ಮೊಲದ ಗಾತ್ರ, ಮೂರೂ ವಿಸ್ಕಾಚಾದ ಗುರುತು. ಚಿಂಚಿಲ್ಲಾ ಅರ್ಧ ಕಿಲೋ ಆಸುಪಾಸು, ಕಿವಿ ದುಂಡಗೆ, ಹೊರಗೆ ಬರೋದು ಹೆಚ್ಚಾಗಿ ಕತ್ತಲಾದ ಮೇಲೆ.

ಕಾಡು ಚಿಂಚಿಲ್ಲಾನ ನೋಡೋದು ಅಷ್ಟು ಸುಲಭ ಇಲ್ಲ. ಎರಡು ಜಾತಿ ಇದೆ, ಉದ್ದ ಬಾಲದ್ದು, ಗಿಡ್ಡ ಬಾಲದ್ದು. ಎರಡೂ ಅಳಿವಿನ ಅಂಚಿನಲ್ಲಿವೆ. ಉದ್ದ ಬಾಲದ್ದು ಈಗ ಉಳಿದಿರೋದು ಚಿಲಿ ದೇಶದಲ್ಲಿ. ಇಲ್ಯಾಪೆಲ್ ಊರಿನ ಹತ್ತಿರ ಅದಕ್ಕೇ ಅಂತ 1983ರಲ್ಲಿ ಒಂದು ಕಾಯ್ದಿಟ್ಟ ಪ್ರದೇಶ ಮಾಡಿದರು. ಹಿಮದ ತುದಿಯಲ್ಲೇ ಇರುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲಿ ಅದು ಇರೋದು 400ರಿಂದ 1,650 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 1,900 ದಾಟುತ್ತೆ, ನೆನಪಿರಲಿ. ಕಳ್ಳಿ, ಕುರುಚಲು, ಕಲ್ಲು, ಒಣ ಗಾಳಿ, ಇಂಥ ಜಾಗ. ಗಿಡ್ಡ ಬಾಲದ್ದು ಮಾತ್ರ ಇನ್ನೂ ಬಹಳ ಎತ್ತರದ್ದು.

ವಿಮಾನದ_ಟಿಕೆಟ್
ಸರಿ. ಇನ್‌ಸ್ಟಾದಲ್ಲಿ ಕ್ಯಾಪ್ಷನ್ ಬದಲಾಯಿಸಿದೆ. ನಾಲ್ಕು ವರ್ಷ ಆದಮೇಲೆ.

ಕಾಫಿ_ಪುಡಿ
ಸಾಕುಪ್ರಾಣಿಯಾಗಿ ಮನೆಮನೆಯಲ್ಲಿದೆ, ಕಾಡಲ್ಲಿ ಇಲ್ಲ. ಹೆಂಗೆ ಹಿಂಗಾಯ್ತು?

ನೀಲಿ_ಕೊಡೆ
ಕೂದಲೇ ಶತ್ರುವಾಯಿತು. ಯುರೋಪಿನ ಶ್ರೀಮಂತರು ತೊಡೋ ಕೋಟ್‌ಗೆ ಅದರ ಚರ್ಮ. ಒಂದು ಕೋಟ್‌ಗೆ ನೂರಕ್ಕೂ ಹೆಚ್ಚು ಪ್ರಾಣಿ ಬೇಕು. 1900ರ ಆಸುಪಾಸಿನಲ್ಲಿ ಚಿಲಿಯಿಂದ ವರ್ಷಕ್ಕೆ ಲಕ್ಷಗಟ್ಟಲೆ ಚರ್ಮ ಹಡಗು ಹತ್ತುತ್ತಿತ್ತು. 1910ರಲ್ಲಿ ಚಿಲಿ, ಅರ್ಜೆಂಟಿನಾ, ಬೊಲಿವಿಯಾ, ಪೆರು ನಾಲ್ಕೂ ದೇಶ ಸೇರಿ ಬೇಟೆ ನಿಲ್ಲಿಸೋ ಒಪ್ಪಂದ ಮಾಡಿಕೊಂಡವು. ಅಷ್ಟರಲ್ಲಿ ಹೆಚ್ಚು ಉಳಿದಿರಲಿಲ್ಲ.

ಆಮೇಲೆ ಮಥಾಯಸ್ ಚಾಪ್‌ಮನ್ ಅಂತ ಒಬ್ಬ ಅಮೆರಿಕನ್ ಗಣಿ ಎಂಜಿನಿಯರ್. ಚಿಲಿಯಲ್ಲಿ ಕೆಲಸ ಮಾಡ್ತಿದ್ದ. 1923ರಲ್ಲಿ 11 ಚಿಂಚಿಲ್ಲಾಗಳನ್ನ ಹಡಗಲ್ಲಿ ಕ್ಯಾಲಿಫೋರ್ನಿಯಾಕ್ಕೆ ತಂದ. ಸಮಭಾಜಕ ದಾಟುವಾಗ ಸೆಖೆಗೆ ಸಾಯಬಾರದು ಅಂತ ಪಂಜರಕ್ಕೆ ಮಂಜುಗಡ್ಡೆ ಇಡಬೇಕಾಯ್ತು. ಅಮೆರಿಕದಲ್ಲಿ ಇವತ್ತು ಸಾಕಿರೋ ಬಹುಪಾಲು ಚಿಂಚಿಲ್ಲಾಗಳು ಆ ಹನ್ನೊಂದರ ಸಂತಾನ. ನಿಮ್ಮ ಬೂದಪ್ಪನೂ ಅವರ ಮರಿಮೊಮ್ಮಗ ಇರಬೇಕು. ಚಾಪ್‌ಮನ್ ಸಾಕಿದ್ದೂ ಚರ್ಮಕ್ಕೇ ಅನ್ನೋದು ಬೇರೆ ಮಾತು.

ಪ್ರಾಣಿ ಕೊಂದು ಕೋಟು ಹಾಕೋರಿಗೆ ಏನನ್ನಬೇಕು? ನಮ್ಮ ದೇಶದಲ್ಲಿ 2017ರಲ್ಲೇ ಮಿಂಕ್, ನರಿ, ಚಿಂಚಿಲ್ಲಾ ಚರ್ಮದ ಆಮದು ನಿಷೇಧ ಆಯ್ತು. ಒಳ್ಳೇದಾಯ್ತು.

ರಾಮನಗರದ_ಗೂಡು
ಹೌದಾ ಮೇಡಂ? ನಿಮ್ಮ ಮದುವೆ ಸೀರೆ ಯಾವುದು? ನಮ್ಮಪ್ಪ ಗೂಡಿನ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ನಿಂತವರು. ಒಂದು ಸೀರೆಗೆ ಸಾವಿರಾರು ಹುಳ ಬಿಸಿನೀರಿಗೆ ಹೋಗುತ್ತೆ. ಅದಕ್ಕೆ ಮುದ್ದು ಮುಖ ಇಲ್ಲ ಅಂತ ಲೆಕ್ಕಕ್ಕಿಲ್ವಾ?

ನೀಲಿ_ಕೊಡೆ
ಎರಡೂ ಒಂದೇನಾ? ರೇಷ್ಮೆ ಹುಳ ಅಳಿವಿನ ಅಂಚಲ್ಲಿದೆಯಾ?

ರಾಮನಗರದ_ಗೂಡು
ಫಾರ್ಮಲ್ಲಿ ಸಾಕಿದ ಚಿಂಚಿಲ್ಲಾನೂ ಅಳಿವಿನ ಅಂಚಲ್ಲಿಲ್ಲ. ಕಾಡಿನದು ಬೇರೆ, ಸಾಕಿದ್ದು ಬೇರೆ. ನೀವು ಎರಡನ್ನೂ ಬೆರೆಸ್ತಿದ್ದೀರ. ನಾನು ಕೋಟು ಸರಿ ಅಂತಿಲ್ಲ. ಸುಮ್ನೆ ಯುರೋಪಿನವರಿಗೆ ಮಾತ್ರ ಬಯ್ಯಬೇಡಿ ಅಂದೆ.

ಜಗಲಿ_ನಿರ್ವಾಹಕ
ರೇಷ್ಮೆಗೆ ಬೇರೆ ಎಳೆ ಶುರು ಮಾಡಿಕೊಳ್ಳಿ. ಇಲ್ಲಿ ಚಿಂಚಿಲ್ಲಾ.

ಕಿವಿಮಾತು
ನಾನು ಮೈಸೂರಲ್ಲಿ ವಾಕ್ ಮತ್ತು ಶ್ರವಣ ಓದಿದವಳು. ನಮ್ಮ ಪಾಠದಲ್ಲಿ ಚಿಂಚಿಲ್ಲಾ ಎಷ್ಟು ಸಲ ಬರುತ್ತೆ ಅಂದರೆ, ಪ್ರಾಣಿ ನೋಡೋ ಮೊದಲೇ ಅದರ ಕಿವಿಯ ಚಿತ್ರ ಬರೆಯೋಕೆ ಕಲಿತಿದ್ವಿ!

ಕಾರಣ ಇದೆ. ಇಲಿ ಕೇಳೋ ಲೋಕವೇ ಬೇರೆ. 70,000 ಹರ್ಟ್ಸ್‌ನ ಕೀರಲು ಸದ್ದು ಅದಕ್ಕೆ ಕೇಳುತ್ತೆ, ನಮ್ಮ ಮಾತಿನ ತಗ್ಗು ದನಿ ಅಷ್ಟಾಗಿ ಕೇಳಲ್ಲ. ಚಿಂಚಿಲ್ಲಾದ ಕೇಳ್ಮೆ ಮಾತ್ರ ನಮ್ಮದಕ್ಕೆ ಹತ್ತಿರ. ತಗ್ಗು ಸದ್ದೂ ಚೆನ್ನಾಗಿ ಕೇಳುತ್ತೆ. ಕಿವಿಯ ಹಿಂದಿನ ಮೂಳೆ ಗುಳ್ಳೆ ಥರ ಊದಿಕೊಂಡು ದೊಡ್ಡದಾಗಿರುತ್ತೆ. ಅದಕ್ಕೇ ಕಿವಿಯ ಸಂಶೋಧನೆಗೆ ಅದನ್ನ ಬಳಸಿದ್ದು.

1975ರಲ್ಲಿ ಪೆಟ್ರಿಷಿಯಾ ಕೂಲ್, ಜೇಮ್ಸ್ ಮಿಲ್ಲರ್ ಅನ್ನೋರು ಒಂದು ಪ್ರಯೋಗ ಪ್ರಕಟಿಸಿದರು. ಚಿಂಚಿಲ್ಲಾಗಳಿಗೆ 'ಡಾ', 'ಟಾ' ಎರಡು ಸದ್ದಿಗೆ ಬೇರೆಬೇರೆ ಥರ ಸ್ಪಂದಿಸೋಕೆ ಕಲಿಸಿದರು. ಆಮೇಲೆ ಎರಡರ ನಡುವಿನ ಸದ್ದುಗಳನ್ನ ಕೇಳಿಸಿದರು. ಇಂಗ್ಲಿಷ್ ಮಾತಾಡೋರಿಗೆ ಎಲ್ಲಿ 'ಡಾ' ಹೋಗಿ 'ಟಾ' ಆಗುತ್ತೋ, ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಚಿಂಚಿಲ್ಲಾಗಳೂ ಗೆರೆ ಎಳೆದವು. ಮಾತಿನ ಸದ್ದು ವಿಂಗಡಿಸೋದು ಮನುಷ್ಯರಿಗೆ ಮಾತ್ರ ಬರೋ ವಿದ್ಯೆ ಅಂದುಕೊಂಡಿದ್ದವರಿಗೆ ದೊಡ್ಡ ಪೆಟ್ಟು ಅದು.

ಬಿಸಿಬೇಳೆ_ಬಾಸ್
ಅಂದ್ರೆ ಬೂದಪ್ಪನಿಗೆ ಡ, ಟ ವ್ಯತ್ಯಾಸ ಗೊತ್ತು. ನಮ್ಮ ಕೆಲವು ಟಿವಿ ನಿರೂಪಕರಿಗೆ ಅ, ಹ ಗೊತ್ತಿಲ್ಲ.

ಗದಗಿನ_ಗಾಳಿ
😂😂 ಳ, ಲ ಬಿಟ್ರೆಲ್ರೀ.

ಜಯನಗರ_4ನೇ_ಬ್ಲಾಕ್
ಇದೆಲ್ಲ ಓದಿ ನನಗೂ ಒಂದು ಬೇಕು ಅನಿಸ್ತಿದೆ. ಬೆಂಗಳೂರಲ್ಲಿ ಸಾಕಬಹುದಾ? ನಮ್ಮೂರು ಕೂಲ್ ಅಲ್ವಾ.

ದನದ_ಡಾಕ್ಟ್ರು
ಕೂಲ್ ಇದ್ದದ್ದು ನಿಮ್ಮ ತಾತನ ಕಾಲದಲ್ಲಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತು. ಚಿಂಚಿಲ್ಲಾಗೆ 25 ದಾಟಿದರೇ ಕಷ್ಟ, ತೇವಾಂಶ ಸೇರಿದರೆ ಅದಕ್ಕಿಂತ ಕಮ್ಮಿಯಲ್ಲೇ. ನಾವು ಬೆವರ್ತೀವಿ, ನಾಯಿ ನಾಲಿಗೆ ಚಾಚಿ ತೇಕುತ್ತೆ. ಇದಕ್ಕೆ ಎರಡೂ ಸರಿಯಾಗಿ ಬರಲ್ಲ. ಮೈತುಂಬ ರಜಾಯಿ ಹೊದ್ದಿದೆ, ಶಾಖ ಬಿಡೋಕೆ ಇರೋದು ಕಿವಿ ಮಾತ್ರ. ಕಿವಿ ಕೆಂಪಗಾಗಿ ಮಲಗಿಕೊಂಡಿದ್ದರೆ ಸೆಖೆ ತಗುಲಿದೆ ಅಂತ ಲೆಕ್ಕ, ತಕ್ಷಣ ತಂಪಿಗೆ ಒಯ್ಯಬೇಕು. ಇಲಿ, ಅಳಿಲು, ಹೆಗ್ಗಣ ಕಲಬುರಗಿಯ ಮೇ ತಿಂಗಳನ್ನೂ ದಾಟ್ತಾವೆ. ಇದು ದಾಟಲ್ಲ.

ಜಯನಗರ_4ನೇ_ಬ್ಲಾಕ್
ಎಸಿ ಹಾಕ್ತೀನಿ ಸಾರ್.

ಕಾಫಿ_ಪುಡಿ
ಕರೆಂಟ್ ಹೋದಾಗ? ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ಗಂಟೆ ಕತ್ತಲಲ್ಲಿ ಕೂತ ದಿನ ಮರೆತ್ರಾ? ಮಕ್ಕಳಿಗೆ ಬೀಸಣಿಗೆ ಬೀಸಿದ್ವಿ. ಅದಕ್ಕೂ ಬೀಸ್ತೀರಾ ರಾತ್ರಿಯೆಲ್ಲ?

ಜಯನಗರ_4ನೇ_ಬ್ಲಾಕ್
ಯುಪಿಎಸ್‌ಗೆ ಎಸಿ ಎಳೆಯಲ್ಲ. ಅರ್ಥ ಆಯ್ತು. ಮೀನು ಸಾಕ್ತೀನಿ.

ಪ್ರೆಷರ್_ಕುಕ್ಕರ್
ಡೆನ್ವರ್‌ನಲ್ಲೂ ಜುಲೈಯಲ್ಲಿ ಹುಷಾರು. ಹವೆ ಒಣಗಿದ್ದು ಒಳ್ಳೇದೇ, ಆದರೆ ಮಧ್ಯಾಹ್ನ ಕಾಯುತ್ತೆ. ಇಲ್ಲಿ ಅಂಗಡಿಯಲ್ಲಿ ಪಂಜರದೊಳಗೆ ಇಡೋಕೆ ಅಂತಲೇ ಗ್ರಾನೈಟ್ ತುಂಡು ಮಾರ್ತಾರೆ. ಸೆಖೆಯಾದಾಗ ಅದರ ಮೇಲೆ ಹೊಟ್ಟೆ ಚಾಚಿ ಬಿದ್ದುಕೊಳ್ಳುತ್ತೆ.

ಗದಗಿನ_ಗಾಳಿ
ಗ್ರಾನೈಟ್ ತುಂಡು ರೊಕ್ಕ ಕೊಟ್ಟು ತಗೋತೀರಾ? ಇಳಕಲ್ಲಿನ ಕೆಂಪು ಕಲ್ಲು ಕಳಸ್ಲೇನು? ಕೊರಿಯರ್ ಖರ್ಚು ನಿಮ್ದು.

ಹಾಸನದ_ಸೊಸೆ
ಇವತ್ತು ಒಂದು ಅನಾಹುತ. ಸಂಜೆ ಪಂಜರದ ಬಾಗಿಲು ತೆರೆದಿತ್ತು. ಬೂದಪ್ಪ ನೆಲದಿಂದ ನೇರ ಡೈನಿಂಗ್ ಟೇಬಲ್ ಮೇಲೆ, ಅಲ್ಲಿಂದ ಫ್ರಿಜ್ ಮೇಲೆ. ಒಂದೊಂದೇ ನೆಗೆತ. ಹಿಂಗಾಲು ಸ್ಪ್ರಿಂಗ್ ಇದ್ದ ಹಾಗೆ. ನಮ್ಮೆಜಮಾನರು ಹಿಡಿಯೋಕೆ ಹೋಗಿ ಬೆನ್ನ ಮೇಲೆ ಗಟ್ಟಿಯಾಗಿ ಹಿಡಿದರು. ಕೈಯಲ್ಲಿ ಒಂದು ಹಿಡಿ ಕೂದಲು ಉಳೀತು, ಪ್ರಾಣಿ ಇಲ್ಲ! ಬೆನ್ನಲ್ಲಿ ಒಂದು ರೂಪಾಯಿ ಅಗಲ ಬೋಳು. ಮಗಳು ಅಳ್ತಿದ್ದಾಳೆ. ಕಾಯಿಲೆನಾ ಡಾಕ್ಟ್ರೇ?

ದನದ_ಡಾಕ್ಟ್ರು
ಕಾಯಿಲೆ ಅಲ್ಲ, ಗಾಬರಿ ಬೇಡ. ಹಲ್ಲಿ ಬಾಲ ಬಿಟ್ಟು ಓಡಲ್ವಾ, ಇದು ಕೂದಲು ಬಿಟ್ಟು ಓಡುತ್ತೆ. ನರಿಯೋ ಗೂಬೆಯೋ ಹಿಡಿದರೆ ಬಾಯಲ್ಲಿ ಉಣ್ಣೆ ಉಳೀಲಿ, ತಾನು ಉಳೀಬೇಕು ಅಂತ. ಚರ್ಮಕ್ಕೆ ಗಾಯ ಆಗಲ್ಲ. ಕೂದಲು ಪೂರ್ತಿ ಬರೋಕೆ ಕೆಲವು ತಿಂಗಳು ಹಿಡಿಯುತ್ತೆ. ಇನ್ಮೇಲೆ ಎರಡೂ ಕೈ ಬೊಗಸೆ ಮಾಡಿ ಕೆಳಗಿಂದ ಎತ್ತಿ.

ಹಾಸನದ_ಸೊಸೆ
ಇನ್ನೊಂದು ಬರೆಯೋಕೆ ನಾಚಿಕೆ. ಫ್ರಿಜ್ ಮೇಲೆ ಹಿಂಗಾಲಲ್ಲಿ ನೆಟ್ಟಗೆ ನಿಂತು ಅವರ ಮುಖಕ್ಕೆ ಗುರಿಯಿಟ್ಟು ಉಚ್ಚೆ ಹೊಡೀತು. ಪಿಚಕಾರಿ ಥರ.

ದನದ_ಡಾಕ್ಟ್ರು
ನಿಂತು, ಗುರಿಯಿಟ್ಟು? ಬೂದಪ್ಪ ಗಂಡು ಅಂತ ಯಾರು ಹೇಳಿದ್ದು? ಆ ವಿದ್ಯೆ ಸಾಮಾನ್ಯವಾಗಿ ಹೆಣ್ಣಿನದು. ಚಿಂಚಿಲ್ಲಾದಲ್ಲಿ ಹೆಣ್ಣೇ ದೊಡ್ಡದು, ಹೆಣ್ಣೇ ಜೋರು. ಕೆಳಗೆ ನೋಡಿದರೆ ಗಂಡಿನ ಹಾಗೇ ಕಾಣುತ್ತೆ, ಹೊಸಬರೆಲ್ಲ ಮೋಸ ಹೋಗ್ತಾರೆ. ತೂಕ ನೋಡಿದ್ರಾ?

ಬಿಸಿಬೇಳೆ_ಬಾಸ್
ಹೆಣ್ಣೇ ದೊಡ್ಡದು, ಹೆಣ್ಣೇ ಜೋರು. ಇತರ ಪ್ರಾಣಿಗಳಿಗಿಂತ ಹೇಗೆ ಬೇರೆ ಅಂತ ಕೇಳಿದ್ರಲ್ಲ, ನಮ್ಮನೆಗಿಂತ ಏನೂ ಬೇರೆ ಇಲ್ಲ.

ಹಾಸನದ_ಸೊಸೆ
ನಾಲ್ಕು ದಿನ ಬಿಟ್ಟು ಬರೀತಿದ್ದೀನಿ. ನಿನ್ನೆ ಆಸ್ಪತ್ರೆಗೆ ಒಯ್ದಿದ್ವಿ. ಹೆಣ್ಣೇ. ಹಲ್ಲು ಚೆನ್ನಾಗಿದೆ, ಶೇಂಗಾದಿಂದ ಏನೂ ಆಗಿಲ್ಲ. ಹೆಸರು ಬೂದಮ್ಮ ಆಯ್ತು.

ತೂಕದ್ದು ಕೇಳಿ. ಬೆಳಗ್ಗೆ ಅಡುಗೆಮನೆಗೆ ಹೋದರೆ ತಕ್ಕಡಿಯ ಮೇಲೆ ಹಳೇ ಸ್ಟೀಲ್ ಡಬ್ಬ, ಡಬ್ಬದೊಳಗೆ ಬೂದಮ್ಮ, ಪಕ್ಕದಲ್ಲಿ ಕನ್ನಡಕ ಹಾಕ್ಕೊಂಡು ಅತ್ತೆ. ನಾನೇನೂ ಕೇಳಲಿಲ್ಲ, ಅವರೇನೂ ಹೇಳಲಿಲ್ಲ. ಊರಿಂದ ತಂದ ಕ್ಯಾಲೆಂಡರ್‌ನಲ್ಲಿ ಏಕಾದಶಿ ಪಕ್ಕ ಪೆನ್ಸಿಲ್‌ನಲ್ಲಿ 612 ಅಂತ ಬರೆದಿದೆ.

ದನದ_ಡಾಕ್ಟ್ರು
612 ಒಳ್ಳೇ ತೂಕ. ಡಬ್ಬದ ತೂಕ ಕಳೆದಿದ್ದಾರೆ ತಾನೇ?

ಹಾಸನದ_ಸೊಸೆ
ಕೇಳಿದೆ. "ನನಗೆ ತೂಕ ಮಾಡೋಕೆ ಹೇಳಿಕೊಡ್ತೀಯಾ?" ಅಂದರು.